ಹೆಂಗಸರಿಗೆ ವಾಲಿಬಾಲ್ ಕಲಿಸಿದ ಟೀಚರ್

ಟೀಚರ್ ತೀರಿಕೊಂಡ ಸುದ್ದಿ ಬಂದಾಗ ನಾನು ಉಡುಪಿಯ ಅಂಗಡಿಯಲ್ಲಿ ಕೂತು ಯಾರದೋ ಗೃಹಪ್ರವೇಶದ ಆಮಂತ್ರಣ ಕಾಗದದ ಅಕ್ಷರ ತಿದ್ದುತ್ತಿದ್ದೆ. ಕಾಗದ, ಬ್ಯಾನರ್, ಕರಪತ್ರ ಇಂಥವನ್ನು ಕಂಪ್ಯೂಟರಿನಲ್ಲಿ ಸಿದ್ಧಪಡಿಸುವುದು ನನ್ನ ಕೆಲಸ. ಸಂಜೆಯೊಳಗೆ ನಮ್ಮ ವಾಲಿಬಾಲ್ ತಂಡದ ಹೆಂಗಸರೆಲ್ಲ ಫೋನು ಮಾಡಿ, ನಮ್ಮೂರು ಕೆಮ್ಮಣ್ಣಿನ ತಿರುವಿನಲ್ಲಿ ಒಂದು ಶ್ರದ್ಧಾಂಜಲಿಯ ಬ್ಯಾನರ್ ಹಾಕಬೇಕು, ಅವರ ಬಗ್ಗೆ ನಾಲ್ಕು ಸಾಲು ನೀನೇ ಬರಿ ಎಂದರು. ಫೋಟೊ ಇತ್ತು, ಹೆಸರಿತ್ತು. ನಾಲ್ಕು ಸಾಲು ಬರಲಿಲ್ಲ. ಸರಳ ಸಜ್ಜನಿಕೆ, ಅಪಾರ ಶಿಷ್ಯವೃಂದ, ತುಂಬಲಾರದ ನಷ್ಟ ಎಂಬ ಮಾತುಗಳೆಲ್ಲ ನಾನೇ ಯಾರ ಯಾರದೋ ಬ್ಯಾನರಿಗೆ ಹಾಕಿ ಹಾಕಿ ಸವೆಸಿದವು. ಕೊನೆಗೆ ಫೋಟೊ, ಹೆಸರು ಮಾತ್ರ ಹಾಕಿದೆವು. ಅಲ್ಲಿ ಬರೆಯಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಲ್ಲಿ ಹೆಸರು ಬೇಡ. ಊರಿನಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಹಿರಿಯರಿಗೂ ಕಿರಿಯರಿಗೂ ಅವರು ಟೀಚರ್.

ಕಾರ್ಕಳದ ಕಡೆಯ ಒಂದು ಹೈಸ್ಕೂಲಿನಲ್ಲಿ ಅವರು ಬಹಳ ವರ್ಷ ಪಿ.ಟಿ. ಟೀಚರ್ ಆಗಿದ್ದರು. ನಿವೃತ್ತಿಯಾದ ಮೇಲೆ ಕೆಮ್ಮಣ್ಣಿಗೆ, ಹೊಳೆಬದಿಯ ತವರುಮನೆಗೆ ಬಂದರು. ಮದುವೆ ಆದವರಲ್ಲ. ಕುವೈಟಿನ ಕೆಲಸ ಬಿಟ್ಟು ಬಂದಿದ್ದ ಅವರ ತಮ್ಮ ಅದೇ ಮನೆಯಲ್ಲಿದ್ದರು. ಟೀಚರದು ಕುಳ್ಳಗಿನ, ಗಟ್ಟಿ ದೇಹ. ಎಡಗೈಯ ಕಿರುಬೆರಳು ಸೊಟ್ಟ. ನಡೆಯುವಾಗ ತುಸು ಮುಂದಕ್ಕೆ ಬಾಗಿ, ಎರಡೂ ಕೈಗಳನ್ನು ಮೈಯಿಂದ ದೂರ ಹಿಡಿದು, ಎಲ್ಲಿಂದಲೋ ಏನೋ ಬೀಳಲಿದೆ, ತಾನು ಎತ್ತಬೇಕು ಎಂಬಂತೆ ನಡೆಯುತ್ತಿದ್ದರು. ಚೂಡಿದಾರಕ್ಕೆ ಕ್ಯಾನ್ವಾಸ್ ಶೂ. ಭಾನುವಾರ ಚರ್ಚಿಗೆ ಹೋಗುವಾಗ ಸೀರೆ, ಅದರ ಕೆಳಗೂ ಅದೇ ಶೂ. ಮೊದಲು ನಾವು ಹಿಂದಿನಿಂದ ನಗುತ್ತಿದ್ದೆವು. ಆಮೇಲೆ ನಾವೂ ಶೂ ಕೊಂಡೆವು.

ನಾನು ಕಾಪುವಿನಿಂದ ಕೆಮ್ಮಣ್ಣಿಗೆ ಮದುವೆಯಾಗಿ ಬಂದವಳು. ಗಂಡ ಮಲ್ಪೆಯ ಬೋಟಿನಲ್ಲಿ ಕೆಲಸ ಮಾಡುವವರು, ಊರಿನಲ್ಲಿದ್ದರೆ ಸಂಜೆ ವಾಲಿಬಾಲ್ ಆಡುವವರು. ನಮ್ಮ ಕಡೆ ಪಂದ್ಯಾಟ ಎಂದರೆ ಗಂಡಸರು ಆಡುವುದು, ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಬದಿಯಲ್ಲಿ ಕೂತು ನೋಡುವುದು. ಹಾಗೆ ಕೂತಿದ್ದ ಒಂದು ಸಂಜೆ ಟೀಚರ್ ನನ್ನ ಪಕ್ಕದ ಕುರ್ಚಿಗೆ ಬಂದರು. ಅಂಪೈರ್ ವಿಸಿಲ್ ಊದಿದರು. ಎಲ್ಲರೂ ಚಪ್ಪಾಳೆ ಹೊಡೆದರು, ನಾನೂ ಹೊಡೆದೆ.

"ಈಗ ಪಾಯಿಂಟ್ ಯಾರಿಗೆ ಹೋಯ್ತು?" ಎಂದು ಟೀಚರ್ ಕೇಳಿದರು.

"ಗೊತ್ತಿಲ್ಲ ಟೀಚರ್."

"ಮತ್ತೆ ಚಪ್ಪಾಳೆ ಎಂತಕ್ಕೆ?"

"ಎಲ್ಲರೂ ಹೊಡೆದ್ರಲ್ಲ, ಹಾಗೆ."

"ಎಷ್ಟು ಸಮಯದಿಂದ ನೋಡ್ತಾ ಇದ್ದೀ ಈ ಆಟ?"

"ಮದುವೆ ಆದಾಗಿಂದ."

ಅವರು ಬೈಯಲಿಲ್ಲ, ನಗಲೂ ಇಲ್ಲ. ಕುರ್ಚಿಯನ್ನು ನನ್ನ ಕಡೆಗೆ ಎಳೆದುಕೊಂಡರು. "ಹಾಗಾದ್ರೆ ಕೇಳು. ಚೆಂಡು ನಮ್ಮ ನೆಲಕ್ಕೆ ಬೀಳಬಾರದು, ಅವರ ನೆಲಕ್ಕೆ ಬೀಳಬೇಕು. ಆಟ ಇಷ್ಟೇ. ಉಳಿದದ್ದೆಲ್ಲ ಇದರ ಮೇಲೆ ಕಟ್ಟಿದ್ದು. ಒಂದು ಕಡೆಯಲ್ಲಿ ಆರು ಜನ, ಮುಂದೆ ಮೂರು, ಹಿಂದೆ ಮೂರು. ಬಂದ ಚೆಂಡನ್ನು ಮೂರು ಮುಟ್ಟಿನ ಒಳಗೆ ಆಚೆ ಕಳಿಸಬೇಕು. ಒಬ್ಬರೇ ಎರಡು ಸಲ ಒಟ್ಟೊಟ್ಟಿಗೆ ಮುಟ್ಟುವ ಹಾಗಿಲ್ಲ. ಹಿಡಿಯುವ ಹಾಗಿಲ್ಲ, ಹೊಡೀಬೇಕು, ಎತ್ತಬೇಕು. ಈಗ ನೋಡು, ಅವನು ಎತ್ತಿದ, ಒಂದು. ಇವನು ನೆಟ್ಟಿನ ಹತ್ತಿರ ನಿಲ್ಲಿಸಿ ಕೊಟ್ಟ, ಎರಡು. ನಿನ್ನ ಗಂಡ ಹಾರಿ ಹೊಡೆದ, ಮೂರು."

ಗಂಡ ಹೊಡೆದ ಚೆಂಡು ಎದುರು ಅಂಕಣದ ಗೆರೆಯ ಮೇಲೆ ಬಿತ್ತು. ಒಳಗೋ ಹೊರಗೋ ಎಂದು ನಾನು ಕೇಳಿದೆ. ಗೆರೆಯೂ ಅಂಕಣದ್ದೇ, ಗೆರೆ ಮುಟ್ಟಿದರೆ ಒಳಗೆ ಎಂದರು. ಮತ್ತೊಬ್ಬ ಹೊಡೆಯಲು ಹಾರಿ ಇಳಿಯುವಾಗ ಅವನ ಭುಜ ನೆಟ್ಟಿಗೆ ತಾಗಿತು, ವಿಸಿಲ್ ಬಿತ್ತು. ನೆಟ್ಟು ಮುಟ್ಟಿದರೆ ತಪ್ಪು, ಪಾಯಿಂಟ್ ಎದುರಿನವರಿಗೆ. ಪಾಯಿಂಟ್ ಯಾರಿಗೆ ಹೋಗುತ್ತದೋ ಮುಂದಿನ ಸರ್ವಿಸ್ ಅವರದು. ಸರ್ವಿಸನ್ನು ಎದುರಿನವರಿಂದ ಗೆದ್ದುಕೊಂಡ ತಂಡದವರು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಒಂದೊಂದು ಜಾಗ ಸರಿಯಬೇಕು. ಇಪ್ಪತ್ತೈದಕ್ಕೆ ಒಂದು ಸೆಟ್, ಆದರೆ ಎರಡು ಪಾಯಿಂಟಿನ ಅಂತರ ಬೇಕು. ನನ್ನ ಆಚೆ ಕಡೆ ಕೂತಿದ್ದ ಲಿಲ್ಲಿಯೂ ಕಿವಿ ಕೊಟ್ಟಳು. ಲಿಲ್ಲಿ ನಮ್ಮ ನೆರೆಯವಳು, ಮನೆಯಲ್ಲೇ ಟೈಲರಿಂಗ್ ಮಾಡುವವಳು. ಮೂರನೇ ಸೆಟ್ಟಿಗೆ ಬರುವಾಗ ಅಂಪೈರ್ ಊದುವ ಮೊದಲೇ ನಾವಿಬ್ಬರು "ನೆಟ್ಟು", "ಔಟ್" ಎನ್ನುತ್ತಿದ್ದೆವು. ಅದುವರೆಗೆ ಯಾರೋ ಓಡಾಡುವ ಗದ್ದಲವಾಗಿದ್ದದ್ದು ನನ್ನ ಕಣ್ಣೆದುರು ಆಟವಾಯಿತು. ಗಂಡ ಚೆನ್ನಾಗಿ ಆಡುತ್ತಾರೆ ಎಂಬುದೂ ಅವತ್ತೇ ತಿಳಿದದ್ದು.

ಏಳುವಾಗ ಟೀಚರ್ ಹೇಳಿದರು, "ಕೂತು ನೋಡಿದ್ದು ಸಾಕು. ನಾಳೆ ಸಂಜೆ ನಮ್ಮ ಅಂಗಳಕ್ಕೆ ಬನ್ನಿ."

"ನಮಗೆಲ್ಲ ಪ್ರಾಯ ಆಯ್ತು ಟೀಚರ್," ಎಂದಳು ಲಿಲ್ಲಿ.

"ನನಗೆ ಎಷ್ಟು ಅಂತ ಕೇಳಿದ್ದೀಯಾ?" ಎಂದು ಹೇಳಿ ಅವರು ಹೋದರು.

ಅವರ ಅಂಗಳ ಎಂದರೆ ತೆಂಗಿನ ಮರಗಳ ನಡುವಿನ ಹೊಯಿಗೆ, ಎಂದರೆ ಮರಳಿನ, ನೆಲ. ಎರಡು ಮರಗಳಿಗೆ ಹಳೆಯ ಮೀನಿನ ಬಲೆಯ ತುಂಡೊಂದನ್ನು ಕಟ್ಟಿದ್ದರು. ಗೆರೆ ಎಳೆಯಲು ಹೊಯಿಗೆಯಲ್ಲಿ ಆಗುವುದಿಲ್ಲವಲ್ಲ, ಅದಕ್ಕೆ ಸುತ್ತಲೂ ತೆಂಗಿನ ನಾರಿನ ಹಗ್ಗ ಹಾಸಿ ಗೂಟ ಹೊಡೆದಿದ್ದರು. ಅಳತೆ ಮಾತ್ರ ಒಂದಿಷ್ಟೂ ಆಚೀಚೆ ಇಲ್ಲ. ಮೊದಲ ದಿನ ನಾವು ಐದಾರು ಜನ ಹೋದೆವು. ಮುಂದೋಳನ್ನು ಜೋಡಿಸಿ ಚೆಂಡು ಎತ್ತುವುದನ್ನು ಹೇಳಿಕೊಟ್ಟರು. ಒಂದು ಸುತ್ತು ಮುಗಿದ ಮೇಲೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, "ಕೈ ತೋರಿಸಿ," ಎಂದರು. ಚೆಂಡು ಬಡಿದು ಕೆಂಪಾದ ಜಾಗ ಮಣಿಕಟ್ಟಿನ ಮೇಲ್ಭಾಗದಲ್ಲಿದ್ದರೆ "ಸರಿ ಉಂಟು". ಹೆಬ್ಬೆರಳಿನಲ್ಲಿದ್ದರೆ "ತಪ್ಪು". ಮೊಣಕೈ ಹತ್ತಿರ ಇದ್ದರೆ "ಇನ್ನೂ ತಪ್ಪು". ಬಾಯಲ್ಲಿ ವಿವರಿಸಿದ್ದಕ್ಕಿಂತ ಆ ಕೆಂಪು ಕಲೆ ನೋಡಿಯೇ ನಾವು ಬೇಗ ಕಲಿತೆವು.

ಅತ್ತೆಗೆ ಇದೊಂದೂ ಹಿಡಿಸಲಿಲ್ಲ. ನನ್ನ ಅತ್ತೆ ಬಲೆ ನೇಯುವುದರಲ್ಲಿ, ಹರಿದದ್ದನ್ನು ಕಟ್ಟುವುದರಲ್ಲಿ ಕೈಪಳಗಿದವರು. ಸೊಸೆಯಂದಿರಿಗೆ ಎಂತ ಚೆಂಡಾಟ ಎಂದು ಮನೆಯಲ್ಲಿ ಗೊಣಗಿ, ಒಂದು ಸಂಜೆ ನನ್ನನ್ನು ಕರೆದೊಯ್ಯಲೆಂದೇ ಟೀಚರ ಅಂಗಳಕ್ಕೆ ಬಂದರು. ಬಂದವರ ಕಣ್ಣು ಮೊದಲು ಬಿದ್ದದ್ದು ನಡುವೆ ಜೋತುಬಿದ್ದಿದ್ದ ಬಲೆಯ ಮೇಲೆ.

"ಟೀಚರ್, ಇದನ್ನು ಕಟ್ಟಿದ್ದು ಯಾರು?" ಎಂದು ಟೀಚರನ್ನು ಕೇಳಿದರು. ಅವರಿಬ್ಬರ ಮಾತು ತುಳುವಿನಲ್ಲಿ ನಡೆಯುತ್ತಿತ್ತು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನಾನೇ ಅಕ್ಕ."

"ಇದರಲ್ಲಿ ಒಂದು ಬೂತಾಯಿ ಮೀನೂ ನಿಲ್ಲಲಿಕ್ಕಿಲ್ಲ."

"ನನಗೆ ಬರುವುದು ಇಷ್ಟೇ. ನೀವು ಸರಿ ಮಾಡಿಕೊಡುತ್ತೀರಾ?"

ಅತ್ತೆ ನನ್ನನ್ನು ಕರೆದೊಯ್ಯುವುದನ್ನು ಮರೆತು ಬಲೆ ಬಿಚ್ಚಿಸಿದರು. ಮರುದಿನ ಮೇಲಂಚಿಗೆ ಹಗ್ಗ ಕೋದು, ಅದರ ಮೇಲೆ ಹಳೆಯ ಬಿಳಿ ಪಂಚೆಯ ಪಟ್ಟಿ ಹೊಲಿದು, ಎಳೆದರೆ ತಂತಿಯಂತೆ ನಿಲ್ಲುವ ನೆಟ್ಟು ಮಾಡಿಕೊಂಡು ತಂದರು. ಅದನ್ನು ಯಾರೂ ಹಾಳು ಮಾಡದಂತೆ ಕಾಯಲು ಕೂತರು. ಕೂತವರಿಗೆ ಟೀಚರ್ ಒಂದು ಕೆಲಸ ಕೊಟ್ಟರು. "ಅಕ್ಕ, ಚೆಂಡು ಹಗ್ಗಕ್ಕೆ ತಾಗಿತಾ ಇಲ್ಲವಾ, ಅಷ್ಟು ಹೇಳಿ ಸಾಕು." ಹಾಗೆ ಅತ್ತೆ ನಮ್ಮ ಲೈನ್ ಅಂಪೈರ್ ಆದರು. ಹಗ್ಗ ಅಲುಗಾಡಿದರೆ ಒಳಗೆ, ಇಲ್ಲದಿದ್ದರೆ ಹೊರಗೆ. ಸ್ವಂತ ಸೊಸೆ ಎಂಬ ದಾಕ್ಷಿಣ್ಯ ಎಳ್ಳಷ್ಟೂ ಇಲ್ಲ. ನನ್ನ ಎಷ್ಟೋ ಹೊಡೆತಗಳನ್ನು ಅವರು ಮನಸಾರೆ ಹೊರಗೆ ಹಾಕಿದ್ದಾರೆ. ಮನೆಯಲ್ಲಿ ನಮ್ಮಿಬ್ಬರ ನಡುವೆ ಮಾತು ಅಷ್ಟಕ್ಕಷ್ಟೇ ಇತ್ತು. ಆಮೇಲೆ ದಾರಿಯುದ್ದಕ್ಕೂ ಆ ಚೆಂಡು, ಈ ಹಗ್ಗ ಎಂದು ಜಗಳವಾಡುತ್ತ ಬರುವುದು ಅಭ್ಯಾಸವಾಯಿತು. ಆ ಜಗಳದಿಂದಲೇ ನಾವು ಹತ್ತಿರವಾದದ್ದು.

ನನ್ನದೊಂದು ತೊಂದರೆಯಿತ್ತು. ನನಗೆ ಸ್ವರವಿರಲಿಲ್ಲ. ಇತ್ತು, ಆದರೆ ಹೊರಗೆ ತೆಗೆದು ಅಭ್ಯಾಸವಿರಲಿಲ್ಲ. ಒಂದು ಸಲ ಚೆಂಡು ನನಗೂ ಲಿಲ್ಲಿಗೂ ನಡುವೆ ಬಂತು. ಅವಳು ಕೊಂಕಣಿಯಲ್ಲಿ "ಮ್ಹಜೆಂ" ಎಂದಳು, ನಾನು ತುಳುವಿನಲ್ಲಿ "ಎನ್ನವು" ಎಂದೆ, ಅದೂ ನನಗೆ ಮಾತ್ರ ಕೇಳುವಷ್ಟು. ಅವಳು ಹೇಳಿದ್ದು ನನಗೆ ಅರ್ಥವಾಗುವ ಮೊದಲು, ನಾನು ಹೇಳಿದ್ದು ಅವಳಿಗೆ ಕೇಳುವ ಮೊದಲು, ಚೆಂಡು ಇಬ್ಬರ ನಡುವೆ ಬಿತ್ತು.

ಟೀಚರ್ ಆಟ ನಿಲ್ಲಿಸಿದರು. "ಮನೆಯಲ್ಲಿ ನಿಮಗೆ ಬೇಕಾದ ಭಾಷೆ ಮಾತಾಡಿ. ಇಲ್ಲಿ ಒಂದೇ ಶಬ್ದ. ನಂದು. ಎಲ್ಲರಿಗೂ ಅರ್ಥ ಆಗ್ತದೆ, ಬೇಗ ಮುಗೀತದೆ. ಚೆಂಡು ಯಾರಿಗೆ ಅಂತ ಚೆಂಡಿಗೆ ಗೊತ್ತಿಲ್ಲ ಮಾರಾಯ್ತಿ, ನೀನೇ ಹೇಳಬೇಕು." ಆಮೇಲೆ ನನ್ನನ್ನು ಹೊಳೆಯ ದಂಡೆಗೆ ಕರೆದುಕೊಂಡು ಹೋದರು. ಆಚೆ ದಡದಲ್ಲಿ ಒಬ್ಬರು ದೋಣಿಗೆ ಎಣ್ಣೆ ಹಚ್ಚುತ್ತಿದ್ದರು. "ಅವರು ತಿರುಗಿ ನೋಡಬೇಕು, ಹಾಗೆ ಹೇಳು." ನಾನು ಹೇಳಿದೆ, ಅವರು ನೋಡಲಿಲ್ಲ. ಮತ್ತೆ ಹೇಳಿದೆ. ನಾಚಿಕೆಯಿಂದ ಕಿವಿಯೆಲ್ಲ ಬಿಸಿಯಾಯಿತು. ಎಷ್ಟನೆಯ ಸಲವೋ, ಹೊಟ್ಟೆಯಿಂದ ಎದ್ದು ಬಂದ "ನಂದು" ಎಂಬ ಕೂಗಿಗೆ ಆ ಮನುಷ್ಯ ಬ್ರಷ್ ಕೆಳಗಿಟ್ಟು, "ಎಂತ ನಿಂದು?" ಎಂದು ಆಚೆಯಿಂದ ಕೇಳಿದರು. ಅಂಗಳದಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ.

ಆ ಸ್ವರ ಅಂಗಳದಲ್ಲೇ ಉಳಿಯಲಿಲ್ಲ. ಒಂದು ದಿನ ನಮ್ಮ ಅಂಗಡಿಗೆ ಬಂದ ಗಿರಾಕಿಯೊಬ್ಬರು ಗೋಡೆಯಲ್ಲಿ ತೂಗುತ್ತಿದ್ದ ಒಂದು ಬ್ಯಾನರನ್ನು ಬಹಳ ಮೆಚ್ಚಿ, ಯಾರು ಮಾಡಿದ್ದು ಎಂದು ಕೇಳಿದರು. ಮಾಲೀಕರು ರೂಢಿಯಂತೆ ಪಕ್ಕದ ಮೇಜಿನವನ ಕಡೆ ನೋಡಿದರು. "ಅದು ನಂದು," ಎಂದೆ. ಸ್ವಲ್ಪ ಜೋರಾಯಿತು ಎಂದು ಕಾಣುತ್ತದೆ, ಹೊರಗೆ ರಿಕ್ಷಾದಲ್ಲಿದ್ದವರೂ ತಿರುಗಿದರು. ಅಂದಿನಿಂದ ಮಾಲೀಕರು ಇಂಥ ಕೆಲಸ ಬಂದರೆ ಗಿರಾಕಿಗಳನ್ನು ನೇರವಾಗಿ ನನ್ನ ಮೇಜಿಗೆ ಕಳಿಸುತ್ತಾರೆ. ಇದನ್ನು ಟೀಚರಿಗೆ ಹೇಳಿದಾಗ ಅವರು, "ಜೋರಾಗಿ ಹೇಳಿದ್ದು ಸರಿ. ಸ್ವಲ್ಪ ತಡ ಮಾಡಿದ್ದೀ," ಎಂದರು.

ಹೊಗಳುವುದು ಅವರಿಗೆ ಬರುತ್ತಿರಲಿಲ್ಲ. ನಂದಿಕೂರಿನ ಕಡೆ ನಡೆದ ಮಹಿಳೆಯರ ಪಂದ್ಯಾಟಕ್ಕೆ ನಾವು ಮೊದಲ ಸಲ ಹೋದಾಗಿನ ಮಾತು. ಕೊನೆಯ ಸೆಟ್, ಎರಡೂ ಕಡೆ ಸಮ ಸಮ. ಎದುರಿನವಳು ಹೊಡೆದ ಚೆಂಡು ನಮ್ಮ ತಲೆ ಮೇಲಿನಿಂದ ಹೋಗಿ ಗೆರೆಯ ಹೊರಗೆ ಬಿತ್ತು. ಅಂಪೈರ್ ಪಾಯಿಂಟನ್ನು ನಮಗೆ ಕೊಟ್ಟರು. ಆಗ ಲಿಲ್ಲಿ ಕೈ ಎತ್ತಿದಳು. ಬ್ಲಾಕ್ ಮಾಡಿ ತಡೆಯಲು ಹಾರಿದಾಗ ಚೆಂಡು ಅವಳ ಬೆರಳ ತುದಿಯನ್ನು ಸವರಿಕೊಂಡು ಹೋಗಿತ್ತಂತೆ. ಹಾಗೆ ಸವರಿ ಹೊರಗೆ ಹೋದರೆ ಪಾಯಿಂಟ್ ಹೊಡೆದವರದು. ಯಾರೂ ನೋಡಿರಲಿಲ್ಲ. ತಾಗಿದ್ದರೆ ತಾಗಿತು ಎಂದು ನೀವೇ ಹೇಳಬೇಕು ಎಂದು ಟೀಚರ್ ಅಂಗಳದಲ್ಲಿ ಮೊದಲಿಂದಲೂ ಹೇಳಿಕೊಟ್ಟಿದ್ದರು. ಪಾಯಿಂಟ್ ಹೋಯಿತು, ಸ್ವಲ್ಪದರಲ್ಲಿ ಪಂದ್ಯವೂ ಹೋಯಿತು. ನಮ್ಮಲ್ಲಿ ಕೆಲವರಿಗೆ ಲಿಲ್ಲಿಯ ಮೇಲೆ ಸಿಟ್ಟು ಬಂತು. ಟೀಚರ್ ಅವಳ ಸತ್ಯವನ್ನು ಹೊಗಳಿಯಾರು ಎಂದು ನಾವು ಕಾದೆವು. ಅವರು ಲಿಲ್ಲಿಯ ಕೈ ಹಿಡಿದು ತಿರುಗಿಸಿ ನೋಡಿ, "ಬೆರಳಿನ ತುದಿ ಎಂತಕ್ಕೆ ಸಿಕ್ಕಿತು? ಅಂಗೈ ಸಿಗಬೇಕಿತ್ತು. ಹಾರುದು ತಡ ಆಯ್ತು. ನಾಳೆಯಿಂದ ಬ್ಲಾಕ್ ಮಾತ್ರ ಅಭ್ಯಾಸ," ಎಂದರು. ಸತ್ಯ ಹೇಳಿದ್ದು ಅವರ ಲೆಕ್ಕದಲ್ಲಿ ಹೇಳಿಕೊಳ್ಳುವ ಸಂಗತಿಯೇ ಆಗಿರಲಿಲ್ಲ. ಬ್ಲಾಕ್ ತಡವಾದದ್ದು ಸಂಗತಿ. ಲಿಲ್ಲಿ ವಾಪಸು ಬರುವಾಗ ಕಿಟಕಿಯ ಬದಿ ಕೂತು ಹಾಡು ಗುನುಗುತ್ತಿದ್ದಳು.

ನಾಲ್ಕು ಮಳೆಗಾಲ ಹೀಗೆ ಕಳೆಯಿತೋ ಐದೋ. ಮಳೆ ಮುಗಿದು, ಅಂಗಳ ಒಣಗಿ, ಅತ್ತೆ ಹೊಸ ನೆಟ್ಟು ಕಟ್ಟಿ ಮತ್ತೆ ಆಟ ಶುರುವಾದಾಗ ಟೀಚರ ವಿಸಿಲ್ ವಿಚಿತ್ರವಾಗಿ ಬೀಳತೊಡಗಿತು. ನನ್ನ ಸರ್ವಿಸ್ ನೆಟ್ಟಿನ ಪಟ್ಟಿಗೆ ತಾಗಿ ಆಚೆ ಬಿತ್ತು. ಟೀಚರ್ ಊದಿ, "ತಪ್ಪು," ಎಂದರು. ನೆಟ್ಟಿಗೆ ತಾಗಿದರೂ ಆಚೆ ಬಿದ್ದರೆ ಸರಿ ಎಂದು ನಮಗೆ ಕಲಿಸಿದ್ದು ಅವರೇ. ಬಿಸಿಲು ಕಣ್ಣಿಗೆ ಹೊಡೆದಿರಬೇಕು ಎಂದುಕೊಂಡೆವು. ಕೆಲವು ದಿನ ಕಳೆದು ಅವರು ಹೇಳುವ ಅಂಕವೂ ತಪ್ಪತೊಡಗಿತು. ಎದುರಿನವರ ಸರ್ವಿಸಿನಲ್ಲಿ ನಾವು ಗೆದ್ದರೆ ಪಾಯಿಂಟ್ ಕೊಡದೆ, ಸರ್ವಿಸ್ ಮಾತ್ರ ನಮಗೆ ಕೊಟ್ಟರು. ಆಮೇಲೊಂದು ದಿನ ಲಿಲ್ಲಿ ಬೀಳುವ ಚೆಂಡನ್ನು ಕಾಲಿನಿಂದ ಎತ್ತಿ ಉಳಿಸಿದಾಗ, ಇದೇನು ಫುಟ್‌ಬಾಲಾ ಎಂದು ಗದರಿದರು. ಮೈಯ ಯಾವ ಭಾಗ ತಾಗಿದರೂ ಆದೀತು ಎಂದಿದ್ದವರು ಅವರೇ.

ನಾನು ಮನೆಗೆ ಬಂದು ಗಂಡನ ಹತ್ತಿರ ಹೇಳಿದೆ. ಅವರು ಸ್ವಲ್ಪ ಯೋಚಿಸಿ, "ಅದೆಲ್ಲ ಹಿಂದಿನ ರೂಲ್ಸ್. ನನ್ನ ಅಪ್ಪ ಆಡುವಾಗ ಹಾಗೇ ಇತ್ತು. ಸರ್ವಿಸ್ ಇದ್ದವರಿಗೆ ಮಾತ್ರ ಪಾಯಿಂಟ್," ಎಂದರು. ಟೀಚರ್ ತಪ್ಪು ಹೇಳುತ್ತಿರಲಿಲ್ಲ. ತಾವು ಹುಡುಗಿಯಾಗಿ ಆಡಿದ ಕಾಲದ ಆಟವನ್ನು ಹೇಳುತ್ತಿದ್ದರು. ನಾವು ಯಾರೂ ಅವರನ್ನು ತಿದ್ದಲಿಲ್ಲ. ಅವರು ಹೇಗೆ ಊದಿದರೆ ಹಾಗೆ ಆಡಿದೆವು. ಅತ್ತೆ ಮಾತ್ರ ತಮ್ಮ ಹಗ್ಗದ ಬದಿಯಿಂದ ನನ್ನ ಮುಖ ನೋಡುತ್ತಿದ್ದರು.

ಅದರ ಬೆನ್ನಿಗೆ ಬಂದ ಬೇಸಿಗೆಯಲ್ಲಿ ಕಾಪುವಿನಲ್ಲಿ ಪಂದ್ಯಾಟವಿತ್ತು. ನನ್ನ ತವರಿನವರೂ ನೋಡಲು ಬಂದಿದ್ದರು. ನಾವು ಚೆನ್ನಾಗಿಯೇ ಆಡುತ್ತಿದ್ದೆವು. ಎರಡನೇ ಸೆಟ್ಟಿನ ನಡುವೆ ಟೀಚರ್ ಬೆಂಚಿನಿಂದ ಎದ್ದು ಅಂಪೈರ್ ಹತ್ತಿರ ಹೋದರು. ಎದುರಿನವರಿಗೆ ಸುಮ್ಮನೆ ಪಾಯಿಂಟ್ ಕೊಡುತ್ತಿದ್ದೀರಿ, ಅವರ ಕೈಯಲ್ಲಿ ಸರ್ವಿಸೇ ಇರಲಿಲ್ಲ ಎಂದು ವಾದಿಸಿದರು. ಆ ತಂಡದಲ್ಲಿ ಹಿಂದೆ ಮಾತ್ರ ಆಡುವ ಲಿಬೆರೊ ಬೇರೆ ಬಣ್ಣದ ಅಂಗಿ ಹಾಕಿದ್ದಳು. ಅವಳನ್ನು ತೋರಿಸಿ, ಇವಳು ಯಾವ ತಂಡದವಳು, ಹೊರಗೆ ಕಳಿಸಿ ಎಂದರು. ಅಂಪೈರ್ ಪ್ರಾಯದಲ್ಲಿ ಚಿಕ್ಕವರು, ಮರ್ಯಾದೆಯಿಂದಲೇ ವಿವರಿಸಿದರು. ಟೀಚರ್ ಕೇಳಲಿಲ್ಲ. ಗ್ಯಾಲರಿಯಲ್ಲಿ ಯಾರೋ ನಕ್ಕರು, ನಗು ಒಬ್ಬರಿಂದ ಒಬ್ಬರಿಗೆ ಹಬ್ಬಿತು. ಲಿಲ್ಲಿ ಹೋಗಿ ಅವರ ಭುಜ ಹಿಡಿದು ಕರೆತಂದಳು. ನಾವು ಸೋತದ್ದು ನಮಗೆ ನೆನಪೇ ಇಲ್ಲದಷ್ಟು ಆ ನಗು ಕಿವಿಯಲ್ಲಿ ಉಳಿಯಿತು.

ಟೆಂಪೋದಲ್ಲಿ ವಾಪಸು ಬರುವಾಗ ಅವರು ಕೇಳಿದರು, "ಇವತ್ತು ನಾನು ಎಂತದೋ ತಪ್ಪು ಮಾಡಿದೆ, ಅಲ್ವಾ?"

"ಇಲ್ಲ ಟೀಚರ್. ಆ ಅಂಪೈರ್‌ಗೆ ರೂಲ್ಸ್ ಗೊತ್ತಿಲ್ಲ," ಎಂದು ಎಲ್ಲರೂ ಒಟ್ಟಿಗೆ ಹೇಳಿದರು. ಪ್ರೀತಿಯಿಂದಲೇ ಹೇಳಿದ್ದು. ಟೀಚರ್ ಒಬ್ಬೊಬ್ಬರ ಮುಖವನ್ನೂ ನೋಡಿದರು. ಆ ನೋಟ ನನಗೆ ತಡೆಯಲಾಗಲಿಲ್ಲ.

ಮರುದಿನ ಬೆಳಿಗ್ಗೆ ಅಂಗಡಿಗೆ ಹೋಗುವ ಮೊದಲು ಅವರ ಮನೆಗೆ ಹೋದೆ. ಅವರು ಹಿಂದಿನ ಜಗಲಿಯಲ್ಲಿ ಕೂತು ತೆಂಗಿನಕಾಯಿ ಹೆರೆಯುತ್ತಿದ್ದರು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ, ಅದನ್ನೆಲ್ಲ ಬಿಟ್ಟು ಅವರ ಎದುರು ಕೂತೆ.

"ಟೀಚರ್, ನಿನ್ನೆ ಅಂಪೈರ್ ಸರಿ ಇದ್ರು," ಎಂದೆ.

ಹೆರೆಯುವ ಕೈ ನಿಂತಿತು.

"ಈಗ ಯಾರು ಗೆದ್ದರೂ ಪಾಯಿಂಟ್ ಉಂಟು. ನೀವೇ ನಮಗೆ ಹಾಗೆ ಕಲಿಸಿದ್ದು. ನೀವು ಹೇಳಿದ್ದು ಮೊದಲಿನ ರೂಲ್ಸ್. ಅಂಗಳದಲ್ಲೂ ಈಗ ಸುಮಾರು ಸಮಯದಿಂದ ಹಾಗೇ ಆಗ್ತಾ ಉಂಟು. ನಾವು ಹೇಳಲಿಲ್ಲ."

ಅವರು ಅಳಲಿಲ್ಲ. ತೆಂಗಿನ ಹೋಳನ್ನು ಬಟ್ಟಲಿನಲ್ಲಿಟ್ಟು, ಸೆರಗಿಲ್ಲದ ಕಾರಣ ಚೂಡಿದಾರದ ಶಾಲಿನಲ್ಲೇ ಕೈ ಒರೆಸಿಕೊಂಡರು.

"ಮಣಿಪಾಲದಲ್ಲಿ ಡಾಕ್ಟರ್ ಹೇಳಿದ್ದಾರೆ," ಎಂದರು. "ಹೊಸದು ಮೊದಲು ಹೋಗ್ತದಂತೆ. ಹಳೇದು ಸುಮಾರು ಸಮಯ ಇರ್ತದಂತೆ. ಆದ್ರೆ ಯಾವುದು ಹೋಯ್ತು ಅಂತ ನನಗೆ ಗೊತ್ತಾಗುದಿಲ್ಲ ನೋಡು. ಹೋದದ್ದು ಹೋದ ಹಾಗೆ ಕಾಣುದೇ ಇಲ್ಲ. ತಮ್ಮನನ್ನು ಕೇಳಿದ್ರೆ ಎಲ್ಲ ಸರಿ ಉಂಟು ಅಂತಾನೆ. ನೀವೂ ಹೇಳದಿದ್ರೆ ನಾನು ಯಾರ ಹತ್ರ ಕೇಳುದು?"

ನನಗೆ ಅಳು ಬಂತು. ಅವರು ನನ್ನನ್ನು ಅಳಲು ಬಿಟ್ಟರು. ಆಮೇಲೆ ಒಳಗೆ ಹೋಗಿ ವಿಸಿಲ್ ತಂದು ನನ್ನ ಕೈಗೆ ಕೊಟ್ಟರು. "ಊದುವ ಕೆಲಸ ನೀನು ಮಾಡು. ನಾನು ನಿನ್ನ ಅತ್ತೆಯ ಹಾಗೆ ಹಗ್ಗದ ಹತ್ರ ಕೂರ್ತೇನೆ. ಒಳಗೆ ಹೊರಗೆ ಹೇಳ್ಳಿಕ್ಕೆ ಕಣ್ಣು ಸಾಕು, ಅದು ಸರಿ ಉಂಟು." ಗೇಟಿನ ತನಕ ಬಂದು ಮತ್ತೊಂದು ಮಾತು ಸೇರಿಸಿದರು. "ಇನ್ನು ಮುಂದೆಯೂ ಹೇಳ್ತಾ ಇರು. ನನಗೆ ಬೇಜಾರಾದ್ರೂ ಹೇಳು."

ಅವತ್ತಿನಿಂದ ಅಂಗಳದ ಒಂದು ಮೂಲೆಯಲ್ಲಿ ಅತ್ತೆ, ಎದುರು ಮೂಲೆಯಲ್ಲಿ ಟೀಚರ್. ನಾನು ಊದುತ್ತಿದ್ದೆ. ಅವರಿಬ್ಬರೂ ಒಬ್ಬರ ಗೆರೆಯ ಬಗ್ಗೆ ಇನ್ನೊಬ್ಬರು ತೀರ್ಪು ಹೇಳಿ ತುಳುವಿನಲ್ಲಿ ಜಗಳವಾಡುತ್ತಿದ್ದರು.

ಆದರೂ ಟೀಚರ ಕೈಯಿಂದ ವಿಸಿಲ್ ಹೋದದ್ದು ಲಿಲ್ಲಿಗೆ ಸಮಾಧಾನವಿರಲಿಲ್ಲ. ಒಂದು ಭಾನುವಾರ ಚರ್ಚಿನಿಂದ ಬಂದವಳು ಟೀಚರನ್ನು ಕೇಳಿದಳು, "ಟೀಚರ್, ನೀವು ಹುಡುಗಿ ಆಗಿರುವಾಗ ಹೇಗೆ ಆಡ್ತಿದ್ರಿ, ಆ ಆಟ ನಮಗೆ ಬರುದಿಲ್ಲ. ಅದನ್ನು ಕಲಿಸ್ತೀರಾ?"

ಟೀಚರ ಕಣ್ಣಲ್ಲಿ ಬಂದ ಬೆಳಕನ್ನು ನಾನು ನೋಡಿದ್ದೇನೆ. ಭಾನುವಾರಗಳು ಅವರದಾದವು. ಅವತ್ತು ವಿಸಿಲ್ ಅವರ ಕೈಯಲ್ಲಿ. ಸರ್ವಿಸ್ ಇದ್ದವರಿಗೆ ಮಾತ್ರ ಪಾಯಿಂಟ್, ಸರ್ವಿಸ್ ನೆಟ್ಟಿಗೆ ತಾಗಿದರೆ ತಪ್ಪು, ಸೊಂಟದ ಕೆಳಗೆ ಚೆಂಡು ತಾಗಬಾರದು, ಹದಿನೈದಕ್ಕೆ ಸೆಟ್. ಹದಿನೈದೇ ಆದರೂ ಆಟ ಮುಗಿಯುವುದೇ ಇಲ್ಲ. ಸರ್ವಿಸ್ ಆಚೆ ಈಚೆ ಹೋಗುತ್ತಲೇ ಇರುತ್ತದೆ, ಅಂಕ ಇದ್ದಲ್ಲೇ ಇರುತ್ತದೆ. ಬೆವರು ಹರಿದು ನಾವೆಲ್ಲ ಹೊಯಿಗೆಯಲ್ಲಿ ಕೂತರೆ ಅವರು, "ನಾವು ಹೀಗೆ ಮಧ್ಯಾಹ್ನದವರೆಗೆ ಆಡ್ತಿದ್ದೆವು," ಎನ್ನುತ್ತಿದ್ದರು. ಅದರಲ್ಲಿ ಅವರು ಒಂದು ತಪ್ಪನ್ನೂ ಮಾಡಿದ್ದು ನನಗೆ ನೆನಪಿಲ್ಲ. ನಮ್ಮ ಗಂಡಸರೂ ಬಂದು ನಿಂತು ನೋಡತೊಡಗಿದರು. ನನ್ನ ಗಂಡ ಎಷ್ಟೋ ಸಲ ಏನೇನೋ ಕೇಳಿ ತಿಳಿದುಕೊಂಡರು.

ಕಳೆದ ವರ್ಷ ಅವರ ತಮ್ಮನಿಗೆ ಸೊಂಟದ ಆಪರೇಶನ್ ಆಯಿತು. ಅವರೇ ಕೋಲು ಹಿಡಿದು ನಡೆಯುವಂತಾದಾಗ ಅಕ್ಕನನ್ನು ನೋಡಿಕೊಳ್ಳುವುದು ಆಗಲಿಲ್ಲ. ಕಾರ್ಕಳದ ಹತ್ತಿರ ಸಿಸ್ಟರ್‌ಗಳು ನಡೆಸುವ ಒಂದು ಆಶ್ರಮದಲ್ಲಿ ಟೀಚರನ್ನು ಬಿಟ್ಟರು. ನಾವು ಬಿಡುವಾದಾಗ ಬಸ್ಸು ಹತ್ತಿ ಹೋಗಿ ನೋಡಿ ಬರುತ್ತಿದ್ದೆವು. ಮೊದಮೊದಲು ಗುರುತು ಹಿಡಿಯುತ್ತಿದ್ದರು. ಆಮೇಲೆ ಲಿಲ್ಲಿಯನ್ನು ತಮ್ಮ ತಂಗಿ ಎಂದರು. ಆಮೇಲೆ ಯಾರನ್ನೂ ಏನೂ ಎನ್ನಲಿಲ್ಲ.

ನಾನು ಕೊನೆಯ ಸಲ ಹೋದಾಗ ಮಧ್ಯಾಹ್ನದ ಊಟ ಮುಗಿದಿತ್ತು. ವರಾಂಡದ ಬೆಂ‍ಚಿನಲ್ಲಿ ಒಬ್ಬರೇ ಕೂತಿದ್ದರು. ತೆಳ್ಳಗಾಗಿದ್ದರು. ನನ್ನನ್ನು ನೋಡಿ ನಕ್ಕು, ಪಕ್ಕದಲ್ಲಿ ಜಾಗ ಮಾಡಿಕೊಟ್ಟರು.

"ನೀವು ಯಾರನ್ನು ನೋಡ್ಲಿಕ್ಕೆ ಬಂದದ್ದು?" ಎಂದು ಕೇಳಿದರು. ಅವರು ನನಗೆ ನೀವು ಎಂದದ್ದು ಅದೇ ಮೊದಲು.

"ನಿಮ್ಮನ್ನೇ ಟೀಚರ್. ನಾನು ಕೆಮ್ಮಣ್ಣಿನವಳು. ಅಲ್ಲಿ ವಾಲಿಬಾಲ್ ಆಡ್ತೇನೆ."

"ಹೌದಾ. ನಿಮ್ಮ ಪ್ರಾಯದ ಹೆಂಗಸರು ಆಡ್ತಾರಾ ಅಲ್ಲಿ?"

"ಆಡ್ತಾರೆ. ನಮ್ಮದೊಂದು ಟೀಮ್ ಉಂಟು."

"ಯಾರು ಕಲಿಸಿದ್ದು ನಿಮಗೆ?"

"ನೀವೇ."

ತಮಾಷೆ ಮಾಡುತ್ತಿದ್ದೇನೋ ಎಂದು ಅವರು ನನ್ನನ್ನು ದಿಟ್ಟಿಸಿದರು. "ನಾನಾ? ನಾನು ಶಾಲೆಯಲ್ಲಿ ಮಕ್ಕಳಿಗೆ ಅಲ್ವಾ ಕಲಿಸಿದ್ದು?"

"ಅದು ಮೊದಲು. ರಿಟೈರ್ ಆದ ಮೇಲೆ ನಮಗೆ ಕಲಿಸಿದ್ರಿ." ನಾನು ಹೇಳತೊಡಗಿದೆ. ಇದುವರೆಗೆ ಬರೆದದ್ದನ್ನೆಲ್ಲ ಅವರಿಗೆ ಹೇಳಿದೆ, ಕಾಪುವಿನದನ್ನೂ ಬಿಡಲಿಲ್ಲ. ಯಾರೋ ಗುರುತಿಲ್ಲದವರ ಕಥೆ ಕೇಳುವ ಹಾಗೆ ಅವರು ಕೇಳಿದರು. ಅತ್ತೆಯ ಮಾತು ಬಂದಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನಡುನಡುವೆ "ಮತ್ತೆ?" ಎಂದರು. ಮುಗಿದಾಗ ಒಳಗೆ ಕಾಫಿಗೆ ಗಂಟೆ ಹೊಡೆದಿತ್ತು. ಅವರು ಏಳಲಿಲ್ಲ. ನನ್ನ ಕೈಯನ್ನು ತಮ್ಮ ಮಡಿಲಲ್ಲಿಟ್ಟುಕೊಂಡರು.

"ಹಾಗಾದ್ರೆ ರಿಟೈರ್ ಆದ ಮೇಲೆ ನಾನು ಸುಮ್ಮನೆ ಕೂತಿರಲಿಲ್ಲ," ಎಂದರು.

"ಇಲ್ಲ ಟೀಚರ್. ಒಂದು ದಿನವೂ ಕೂತಿರಲಿಲ್ಲ."

"ಒಳ್ಳೇದಾಯ್ತು ಮಾರಾಯ್ತಿ," ಎಂದರು. "ನನಗೆ ಅದೊಂದು ಹೆದರಿಕೆ ಇತ್ತು."